ಬಡತನಕ್ಕೆ ಮಕ್ಕಳನ್ನು ಬಿಟ್ಟುಕೊಡಬೇಕೆ?

ಕೋವಿಡ್ ಬಂದಾಗ ದೇಶದ ಬಾಲಮಂದಿರ, ಅನಾಥಾಲಯ ಮತ್ತಿತರ ಪಾಲನಾ ಸಂಸ್ಥೆಗಳಲ್ಲಿ 2,27,518 ಮಕ್ಕಳಿದ್ದರು. ಸೋಂಕಿನ ಭಯಕ್ಕೆ ಅವರನ್ನು ಮನೆಗೆ ಕಳಿಸತೊಡಗಿದರು. 2020ರ ಡಿಸೆಂಬರ್ ಹೊತ್ತಿಗೆ 1,45,788 ಮಕ್ಕಳು ತಂದೆತಾಯಿಯ ಅಥವಾ ಪೋಷಕರ ಬಳಿ ಸೇರಿದ್ದರು. ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕವಿದು. ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಹೋಗಲು ಒಂದು ಮನೆ ಇತ್ತು, ಬಾಗಿಲು ತೆರೆಯಲು ಅಮ್ಮನೋ ಅಜ್ಜಿಯೋ ಚಿಕ್ಕಪ್ಪನೋ ಇದ್ದರು ಎಂದಾಯಿತು. ಹಾಗಿದ್ದರೆ ಆ ಮಕ್ಕಳು ಅಷ್ಟು ವರ್ಷ ಅಲ್ಲೇಕೆ ಇದ್ದರು?

ಇದಕ್ಕೆ ಉತ್ತರ ಅದಕ್ಕೂ ಮೊದಲೇ ಸಿಕ್ಕಿತ್ತು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದೇಶದ 9,500ಕ್ಕೂ ಹೆಚ್ಚು ಪಾಲನಾ ಸಂಸ್ಥೆಗಳನ್ನು ಎಣಿಸಿ 2018ರಲ್ಲಿ ವರದಿ ಹೊರತಂದಿತು. ಅಲ್ಲಿದ್ದ ಸುಮಾರು 3.7 ಲಕ್ಷ ಮಕ್ಕಳಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು ಸಣ್ಣ ಪಾಲು. ತಂದೆ ಇಲ್ಲವೇ ತಾಯಿ ಒಬ್ಬರೇ ಇರುವ ಮನೆಯಿಂದ ಬಂದವರು ಅವರಿಗಿಂತ ಎಷ್ಟೋ ಹೆಚ್ಚು. ನಮ್ಮ ಊರುಗಳಲ್ಲಿ ಒಬ್ಬರೇ ಇದ್ದಾರೆ ಎಂದರೆ ಸಾಮಾನ್ಯವಾಗಿ ತಾಯಿಯೇ: ಗಂಡ ಸತ್ತವಳು, ಗಂಡ ಬಿಟ್ಟವಳು, ಗಂಡ ಹಾಸಿಗೆ ಹಿಡಿದು ದುಡಿಮೆಯ ಭಾರವೆಲ್ಲ ಹೊತ್ತವಳು. ಮಗು ಬೇಡವೆಂದು ಆಕೆ ಬಾಲಮಂದಿರಕ್ಕೆ ಸೇರಿಸಿದ್ದಲ್ಲ. ಎರಡು ಹೊತ್ತಿನ ಊಟ, ಒಂದು ಶಾಲೆ, ರಾತ್ರಿ ಭಯವಿಲ್ಲದೆ ಮಲಗಲು ಒಂದು ಜಾಗ, ಇಷ್ಟನ್ನು ಮನೆಯಲ್ಲಿ ಕೊಡಲಾಗದೆ ಸೇರಿಸಿದ್ದು.

ಕಾನೂನು ಈ ವಿಷಯದಲ್ಲಿ ತಪ್ಪಿಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೊಂದು. ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಒಪ್ಪಿದ ಮಾರ್ಗಸೂಚಿ ಇನ್ನೂ ನೇರವಾಗಿದೆ: ಬಡತನವೊಂದನ್ನೇ ನೆಪ ಮಾಡಿ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು, ಆ ಮನೆಗೆ ನೆರವು ಬೇಕಾಗಿದೆ ಎಂಬುದಕ್ಕೆ ಬಡತನವನ್ನು ಗುರುತಾಗಿ ಕಾಣಬೇಕು. ಅಂದಮೇಲೆ ಉಳಿಯುವುದು ಆ ನೆರವಿನ ಪ್ರಶ್ನೆ. ಅದು ಯಾವಾಗ ಬರಬೇಕು, ಯಾರು ತರಬೇಕು, ಎಷ್ಟು ಕಾಲ ಜೊತೆಗಿರಬೇಕು? ಇದರ ಬಗ್ಗೆ ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ನಮ್ಮ ರಾಜ್ಯದಲ್ಲೂ ಸುತ್ತಮುತ್ತಲೂ ಬಹಳಷ್ಟು ಪ್ರಯೋಗಗಳಾಗಿವೆ. ಕೆಲವು ಗೆದ್ದಿವೆ, ಕೆಲವು ಅರ್ಧದಲ್ಲಿ ನಿಂತಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಕೆಲಸ ಮಾತ್ರ ಕಡಿಮೆಯಾಗಿದೆ.

ಮೊದಲು, ಮನೆ ಒಡೆಯುವುದು ಹೇಗೆ ಎಂಬುದನ್ನು ನೋಡಬೇಕು. ಕಲ್ಯಾಣ ಕರ್ನಾಟಕದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ದೇವದುರ್ಗ, ಲಿಂಗಸುಗೂರು, ಸುರಪುರ, ಶಹಾಪುರದ ಕಡೆಯಿಂದ ಬೆಂಗಳೂರಿನ ಬಸ್ಸುಗಳು ಗಂಟುಮೂಟೆ, ಪಾತ್ರೆಪಗಡ, ಕೂಸುಕುನ್ನಿಗಳೊಂದಿಗೆ ತುಂಬಿ ಹೊರಡುತ್ತವೆ. ವಿಜಯಪುರದ ತಾಂಡಾಗಳಿಂದ ಜನ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಹೋಗುತ್ತಾರೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳು ಮುಂಗಡ ಪಡೆದು ನಮ್ಮ ಬೆಳಗಾವಿ, ಬಾಗಲಕೋಟೆಯ ಗದ್ದೆಗಳಿಗೆ ಬಂದಿಳಿಯುತ್ತವೆ. ಗಂಡ ಹೆಂಡತಿಯನ್ನು ಒಂದೇ ಜೋಡಿಯೆಂದು ಲೆಕ್ಕ ಹಿಡಿದು ಮುಂಗಡ ಕೊಡುವ ಪದ್ಧತಿ ಅಲ್ಲಿಯದು. ಹಾಗಾಗಿ ಹೆಂಡತಿ ಊರಲ್ಲಿ ಮಕ್ಕಳೊಂದಿಗೆ ಉಳಿಯುವ ಮಾತೇ ಇಲ್ಲ.

ಗುಳೆ ಹೋಗುವ ಮನೆಯ ಮುಂದೆ ಎರಡು ದಾರಿಗಳಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಶಾಲೆ ತಪ್ಪುತ್ತದೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹತ್ತು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು ದಿನ ಕಳೆಯುತ್ತಾಳೆ. ಬಿಟ್ಟು ಹೋದರೆ ಅಜ್ಜಿಯ ಪಾಲಾಗುತ್ತಾರೆ. ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಹಣದಲ್ಲಿ ಮೂರು ಹೊಟ್ಟೆ ತುಂಬಬೇಕು. ಹುಡುಗಿ ಮೈನೆರೆದಿದ್ದರೆ ಅಜ್ಜಿಯ ಕಣ್ಗಾವಲನ್ನು ನಂಬಿ ಬಿಡುವ ಧೈರ್ಯವಿಲ್ಲದೆ, ಹೊರಡುವ ಮುನ್ನ ಮದುವೆ ಮಾಡಿ ಮುಗಿಸುವವರೂ ಇದ್ದಾರೆ. ಬಾಲ್ಯವಿವಾಹದ ಬಗ್ಗೆ ನಾವು ಎಷ್ಟೇ ಜಾಗೃತಿ ಜಾಥಾ ಮಾಡಿದರೂ, ಮಗಳನ್ನು ಸುರಕ್ಷಿತವಾಗಿ ಬಿಟ್ಟು ಹೋಗಲು ಒಂದು ತಾಣ ತೋರಿಸದಿದ್ದರೆ ಆ ತಂದೆತಾಯಿಗೆ ನಮ್ಮ ಮಾತು ಕೇಳಿಸುವುದಿಲ್ಲ.

ಗುಳೆಯ ಹಿಂದೆ ಸಾಲ, ಸಾಲದ ಹಿಂದೆ ಬಹಳ ಸಲ ಕಾಯಿಲೆ ಇರುತ್ತದೆ. ಐಎಎಸ್ ಅಧಿಕಾರಿಯಾಗಿದ್ದು ನಂತರ ಅಧ್ಯಾಪಕರಾದ ಅನಿರುದ್ಧ ಕೃಷ್ಣ ಅವರು ರಾಜಸ್ಥಾನ, ಗುಜರಾತ್, ಆಂಧ್ರ, ಕೀನ್ಯಾ, ಉಗಾಂಡ, ಪೆರು ಹೀಗೆ ಹಲವು ಕಡೆ ಸಾವಿರಾರು ಮನೆಗಳ ಏಳುಬೀಳುಗಳನ್ನು ಕೇಳಿ ಬರೆದುಕೊಂಡರು. ಬಡತನಕ್ಕೆ ಜಾರಿದ ಮನೆಗಳ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬಂದ ಕಾರಣ ಆಸ್ಪತ್ರೆಯ ಖರ್ಚು. 2010ರಲ್ಲಿ ಬಂದ ಅವರ ಪುಸ್ತಕದ ಹೆಸರೇ, ಬಡತನ ಒಂದು ಕಾಯಿಲೆಯಷ್ಟು ದೂರದಲ್ಲಿದೆ ಎಂಬರ್ಥದ್ದು. ಆದರೆ ಕಾಯಿಲೆಯೊಂದೇ ಮನೆ ಒಡೆಯುವುದಿಲ್ಲ ಎಂಬುದನ್ನೂ ಅವರ ಕೆಲಸ ತೋರಿಸುತ್ತದೆ. ಮೊದಲ ಪೆಟ್ಟನ್ನು ಹೇಗೋ ತಾಳಿಕೊಳ್ಳುವ ಮನೆ ಎರಡನೆಯ, ಮೂರನೆಯ ಪೆಟ್ಟಿಗೆ ಕುಸಿಯುತ್ತದೆ. ಗಂಡನ ಆಪರೇಷನ್ನಿಗೆ ಕೈಸಾಲ ಮಾಡಿದ ವರ್ಷವೇ ಮಳೆ ಕೈಕೊಟ್ಟಿತು, ಎಮ್ಮೆ ಮಾರಿದರು, ಕಂತು ಬಾಕಿ ಬಿತ್ತು, ಮಗನನ್ನು ಶಾಲೆ ಬಿಡಿಸಿದರು. ನೆರವಿನ ಯೋಜನೆಗಳು ಇವುಗಳಲ್ಲಿ ಯಾವುದೋ ಒಂದನ್ನು ಮಾತ್ರ ನೋಡುತ್ತವೆ. ಮನೆ ಇವೆಲ್ಲವನ್ನೂ ಒಮ್ಮೆಗೇ ಎದುರಿಸುತ್ತಿರುತ್ತದೆ.

ಕುಡಿತದ ಮಾತನ್ನು ಬಿಟ್ಟರೆ ಈ ಚಿತ್ರ ಸುಳ್ಳಾಗುತ್ತದೆ. ಕರ್ನಾಟಕ 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿತು, ಅಗ್ಗದ ವಿಸ್ಕಿ ಪ್ಯಾಕೆಟ್ಟು ಅದರ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸೇರಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಮದ್ಯ ನಿಷೇಧ ಕೇಳಿದರು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತಮ್ಮ ಮನೆ ಯಾವುದರಿಂದ ಒಡೆಯುತ್ತಿದೆ ಎಂದು ಆ ಹೆಂಗಸರು ಕಾಲು ಸವೆಸಿ ಹೇಳಿದ್ದನ್ನು ಯೋಜನೆ ಬರೆಯುವವರು ಕೇಳಿಸಿಕೊಳ್ಳಬೇಕಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಕೈಗೆ ಸಿಗುವಂತಿದ್ದರೆ ಅದನ್ನೂ ಕುಟುಂಬ ಉಳಿಸುವ ಯೋಜನೆ ಎಂದೇ ಕರೆಯಬೇಕು.

ಇನ್ನು ಸರ್ಕಾರ ಕೊಡುವ ಹಣದ ವಿಚಾರ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯಿಂದ ಮನೆಯ ಯಜಮಾನಿಗೆ ತಿಂಗಳಿಗೆ ₹2,000 ಬರುತ್ತದೆ. ಇದು ಬಡ ಹೆಂಗಸಿನ ಕೈಗೆ ಬಂದ ಸಣ್ಣ ಬಲವಲ್ಲ. ಆದರೆ ಯಜಮಾನಿ ಯಾರು ಎಂಬುದನ್ನು ರೇಷನ್ ಕಾರ್ಡು ಹೇಳುತ್ತದೆ. ಕಾರ್ಡಿನಲ್ಲಿ ಅತ್ತೆ ಯಜಮಾನಿ, ಗಂಡ ಬಿಟ್ಟು ತವರಿಗೆ ಬಂದ ಸೊಸೆಯ ಹೆಸರು ಇನ್ನೂ ಅದೇ ಕಾರ್ಡಿನಲ್ಲಿ ಎಂದಾದರೆ, ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೆ ಹಣವಿಲ್ಲ. ಹೆಸರು ತೆಗೆಸಿ ಬೇರೆ ಕಾರ್ಡು ಮಾಡಿಸುವ ಹೊತ್ತಿಗೆ ಆಕೆ ಮಕ್ಕಳನ್ನು ಎಲ್ಲಿಗೋ ಸೇರಿಸಿರುತ್ತಾಳೆ.

ಮಕ್ಕಳ ಹೆಸರಿನಲ್ಲೇ ಬರುವ ನೆರವು ಪ್ರಾಯೋಜಕತ್ವ ಯೋಜನೆಯದು. ಇದರ ಬಗ್ಗೆ ಗೊತ್ತಿರುವವರೇ ಕಡಿಮೆ. ವಿಧವೆ, ಪರಿತ್ಯಕ್ತೆ, ವಿಚ್ಛೇದಿತೆಯ ಮಕ್ಕಳು, ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಅನಾಥರು, ಮಾರಕ ಕಾಯಿಲೆಯಿಂದ ದುಡಿಯಲಾಗದ ತಂದೆತಾಯಿಯ ಮಕ್ಕಳು ಇದಕ್ಕೆ ಅರ್ಹರು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ತಿಂಗಳ ₹2,000ವನ್ನು ₹4,000ಕ್ಕೆ ಏರಿಸಿತು. ಮಗು ಬಾಲಮಂದಿರಕ್ಕೆ ಹೋಗುವ ಮುನ್ನವೇ ಮನೆಗೆ ಹಣ ತಲುಪಿಸುವ ನಮ್ಮ ದೇಶದ ಮುಖ್ಯ ಉಪಾಯ ಇದು. ಕರ್ನಾಟಕವೂ ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ 2021ರಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ ₹3,500 ಘೋಷಿಸಿತ್ತು.

ಪ್ರಾಯೋಜಕತ್ವದ ಆದಾಯ ಮಿತಿಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಹಳ್ಳಿಯಲ್ಲಿ ವರ್ಷಕ್ಕೆ ₹72,000, ಉಳಿದೆಡೆ ₹96,000. ಹಳ್ಳಿಯ ಲೆಕ್ಕ ತಿಂಗಳಿಗೆ ₹6,000 ಆಯಿತು. ದಿನಕ್ಕೆ ₹300ರಂತೆ ಇಪ್ಪತ್ತು ದಿನ ಕೂಲಿ ಮಾಡಿದ ತಾಯಿ ಆ ಗೆರೆ ಮುಟ್ಟುತ್ತಾಳೆ, ಇಪ್ಪತ್ತೊಂದನೆಯ ದಿನ ದುಡಿದರೆ ಗೆರೆ ದಾಟುತ್ತಾಳೆ. ಸ್ವಾವಲಂಬಿಯಾಗು ಎಂದು ಹೇಳುತ್ತಾ, ಆ ದಾರಿಯಲ್ಲಿ ಎರಡು ಹೆಜ್ಜೆ ಇಟ್ಟ ಕೂಡಲೇ ಕೈ ಬಿಡುವ ನಿಯಮ ಇದು. ಗೆರೆ ದಾಟಿದ ಮೇಲೂ ಒಂದೆರಡು ವರ್ಷ ಹಣ ನಿಲ್ಲದಂತೆ ಮಾಡುವುದು ಕಷ್ಟದ ಕೆಲಸವಲ್ಲ, ಖಜಾನೆಗೆ ದೊಡ್ಡ ಹೊರೆಯೂ ಅಲ್ಲ.

ದುಡಿಮೆಯ ಕಡೆಗೆ ಬಂದರೆ, 2005ರ ಉದ್ಯೋಗ ಖಾತರಿ ಕಾಯ್ದೆ ಗುಳೆಗೆ ಕೊಟ್ಟ ಉತ್ತರ ದೊಡ್ಡದಾಗಿತ್ತು. ಊರಲ್ಲೇ ವರ್ಷಕ್ಕೆ 100 ದಿನ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದು ಅದು ಖಾತರಿ ಕೊಟ್ಟಿತ್ತು. ಆದರೆ ಕಾಯ್ದೆ ತನ್ನಷ್ಟಕ್ಕೆ ನಡೆಯಲಿಲ್ಲ. ಬೆಳಗಾವಿ, ರಾಯಚೂರಿನ ಹಳ್ಳಿಗಳಲ್ಲಿ ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆ, ಅಂದರೆ ಗ್ರಾಕೂಸ್‌ನ ಹೆಣ್ಣುಮಕ್ಕಳು ಪಂಚಾಯಿತಿ ಮುಂದೆ ಕೂತು ಅರ್ಜಿ ಕೊಟ್ಟು, ರಶೀದಿ ಕೇಳಿ, ಕೆಲಸ ಬರುವವರೆಗೆ ಏಳದೆ ಅದನ್ನು ನಡೆಸಿದರು. ನಮೂನೆ 6 ಎಂದರೇನು ಎಂದು ಅಕ್ಷರ ಬಾರದ ತಾಯಂದಿರೂ ಹೇಳಬಲ್ಲವರಾದರು. ಸಂಘಟನೆ ಗಟ್ಟಿಯಿದ್ದಲ್ಲಿ ಕೆಲಸ ಸಿಕ್ಕಿತು, ಇಲ್ಲದಲ್ಲಿ ಕಾಯ್ದೆ ಕಾಗದದಲ್ಲಿ ಉಳಿಯಿತು. ಕೂಲಿ ತಡವಾದಾಗಲಂತೂ ಮುಂಗಡ ಹಿಡಿದು ಬರುವ ಮೇಸ್ತ್ರಿಯೇ ಗೆದ್ದ. ಹಸಿದ ಮನೆಗೆ ಇವತ್ತಿನ ಮುಂಗಡ ಎರಡು ತಿಂಗಳ ನಂತರದ ಕೂಲಿಗಿಂತ ದೊಡ್ಡದಾಗಿ ಕಾಣುತ್ತದೆ.

ಈ ಸಾಲಿನಲ್ಲಿ ನನಗೆ ತುಂಬ ಮುಖ್ಯವೆನಿಸಿದ್ದು ಕೂಸಿನ ಮನೆ. 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಈ ಶಿಶುಪಾಲನಾ ಕೇಂದ್ರಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ತರಬೇತಿ ಪಡೆದ ಊರಿನ ಹೆಣ್ಣುಮಕ್ಕಳೇ ನೋಡಿಕೊಳ್ಳುತ್ತಾರೆ. ನೋಡಲು ಸಣ್ಣ ಏರ್ಪಾಡು. ಆದರೆ ಇದರಿಂದ ತಾಯಿಯ ಕೂಲಿ ಉಳಿಯುತ್ತದೆ, ಕೂಸಿನ ಊಟ ಉಳಿಯುತ್ತದೆ, ಕೂಸು ಕಾಯಲು ಮನೆಯಲ್ಲಿ ನಿಂತ ಅಕ್ಕನ ಶಾಲೆಯೂ ಉಳಿಯುತ್ತದೆ. ಒಂದೇ ಮನೆಯ ಮೂವರಿಗೆ ಒಟ್ಟಿಗೆ ಮುಟ್ಟುವ ಯೋಜನೆಗಳು ನಮ್ಮಲ್ಲಿ ಹೆಚ್ಚಿಲ್ಲ. ಇದನ್ನು ಎಲ್ಲ ಪಂಚಾಯಿತಿಗೂ ಒಯ್ಯಬೇಕು, ಸಂಜೆಯವರೆಗೂ ತೆರೆದಿರಬೇಕು.

ಸ್ವಸಹಾಯ ಸಂಘಗಳ ಕಥೆ ಕನ್ನಡ ನಾಡಿನಲ್ಲೇ ಬೇರು ಬಿಟ್ಟದ್ದು. ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸಣ್ಣ ಸಂಘಗಳ ಅನುಭವದ ಬೆಂಬಲದಿಂದಲೇ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ರಾಜ್ಯದ ಸ್ತ್ರೀಶಕ್ತಿ 2000ದ ಸುಮಾರಿಗೆ ಬಂತು. ಕೋಟಿಗಟ್ಟಲೆ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು, ಲೇವಾದೇವಿಯವನ ಮುಂದೆ ತಲೆ ತಗ್ಗಿಸುವುದು ನಿಂತಿದ್ದು ಈ ಸಂಘಗಳಿಂದ. ಆದರೂ ಒಂದು ಮಾತನ್ನು ಹೇಳಲೇಬೇಕು. ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಉಳಿಸಲಾಗದವಳನ್ನು ಸಂಘ ಸೇರಿಸಿಕೊಳ್ಳುವುದಿಲ್ಲ. ಕಂತು ತಪ್ಪಿಸುವ ಹೆಂಗಸು ಎಲ್ಲರಿಗೂ ಹೊರೆ ಎಂಬ ಭಯ ಉಳಿದ ಸದಸ್ಯರಿಗೆ, ಅದು ಅನ್ಯಾಯದ ಭಯವೂ ಅಲ್ಲ. ಹಾಗೆ ಅತಿ ಬಡವಳು ಹೊರಗೇ ಉಳಿದಳು. ಅವಳ ಬಾಗಿಲಿಗೆ ಮೈಕ್ರೋಫೈನಾನ್ಸ್ ಬಂತು. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಿಂದ ಸಾಲ ತೆಗೆದ ಮನೆಗಳು 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಕಡೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಟ್ಟವು. ರಾಜ್ಯದ ಹಲವೆಡೆ ಆತ್ಮಹತ್ಯೆಗಳಾದವು. ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ ಕಿರುಕುಳದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂದಿತು. ಅದು ಬೇಕಾಗಿತ್ತು. ಆದರೆ ಸಾಲದ ಅಗತ್ಯ ಹುಟ್ಟಿದ ಜಾಗ ಹಾಗೆಯೇ ಇದೆ. ತೀರಾ ಬಡ ಮನೆಗೆ ಮೊದಲು ಬೇಕಾದದ್ದು ಸಾಲವಲ್ಲದ ನೆರವು.

ಇದನ್ನು ಮೊದಲು ಕಂಡುಕೊಂಡವರು ಬಾಂಗ್ಲಾದೇಶದವರು. ಅಲ್ಲಿನ ಬ್ರ್ಯಾಕ್ ಸಂಸ್ಥೆ ತನ್ನ ಸಣ್ಣ ಸಾಲ ಅತಿ ಬಡವರನ್ನು ಮುಟ್ಟುತ್ತಿಲ್ಲ ಎಂದು ಕಂಡು 2002ರಲ್ಲಿ ಬೇರೆ ಕ್ರಮ ಹಿಡಿಯಿತು. ಊರವರನ್ನೇ ಕೂರಿಸಿ ಅತಿ ಬಡವರು ಯಾರೆಂದು ಗುರುತಿಸುವುದು, ಆ ಮನೆಯ ಹೆಂಗಸಿಗೆ ದಾನವಾಗಿ ಹಸುವೋ ಆಡೋ ಸಣ್ಣ ಅಂಗಡಿಯ ಸಾಮಾನೋ ಕೊಡುವುದು, ಅದು ಆದಾಯ ತರುವವರೆಗೆ ಮಾರಿ ತಿನ್ನದಂತೆ ಊಟದ ಖರ್ಚಿಗೆ ಸ್ವಲ್ಪ ಹಣ, ಸಾಕುವ ತರಬೇತಿ, ಉಳಿತಾಯ, ಆರೋಗ್ಯಕ್ಕೆ ನೆರವು, ಎಲ್ಲಕ್ಕಿಂತ ಹೆಚ್ಚಾಗಿ ಸುಮಾರು ಎರಡು ವರ್ಷ ಒಬ್ಬರು ತಪ್ಪದೆ ಮನೆಗೆ ಬಂದು ಹೋಗುವುದು. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ಈ ಆರು ದೇಶಗಳಲ್ಲಿ ಇದೇ ಕ್ರಮವನ್ನು ಪರೀಕ್ಷಿಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ವರ್ಷವಾದ ಮೇಲೂ ಬಹುತೇಕ ಕಡೆ ಮನೆಗಳ ಊಟ, ಆಸ್ತಿ, ಆದಾಯ ಹೆಚ್ಚಿಯೇ ಇತ್ತು. ಪಶ್ಚಿಮ ಬಂಗಾಳದಲ್ಲಿ ಬಂಧನ್ ಸಂಸ್ಥೆ ನೆರವಾಗಿದ್ದ ಮನೆಗಳಿಗೆ ಹತ್ತು ವರ್ಷದ ನಂತರ ಹೋಗಿ ನೋಡಿದಾಗಲೂ ಆ ವ್ಯತ್ಯಾಸ ಕರಗಿರಲಿಲ್ಲ. ಹೊಂಡುರಾಸ್‌ನಲ್ಲಿ ಮಾತ್ರ ಸೋತಿತು: ಕೊಟ್ಟ ಕೋಳಿಗಳು ರೋಗ ಬಂದು ಸತ್ತವು. ನಮ್ಮ ಕಡೆ ಕುರಿ, ಎಮ್ಮೆ ಹಂಚಿ ಫೋಟೊ ತೆಗೆಸಿಕೊಂಡು ಮರೆಯುವ ಯೋಜನೆಗಳನ್ನು ಕಂಡವರಿಗೆ ಈ ಸೋಲಿನ ಕಾರಣ ಬೇಗ ಅರ್ಥವಾಗುತ್ತದೆ. ಪಶುವೈದ್ಯರು ಬಾರದ ಊರಿಗೆ ಪಶು ಕೊಟ್ಟು ಪ್ರಯೋಜನವಿಲ್ಲ.

ಬಿಹಾರ 2016ರಲ್ಲಿ ಪಾನನಿಷೇಧ ತಂದಾಗ ಸಾರಾಯಿ, ಹೆಂಡ ಮಾರಿ ಬದುಕುತ್ತಿದ್ದ ಬಡ ಮನೆಗಳು ಬೀದಿಗೆ ಬಿದ್ದವು. 2018ರಲ್ಲಿ ಆರಂಭವಾದ ಸತತ್ ಜೀವಿಕೋಪಾರ್ಜನ್ ಯೋಜನೆ ಅವರನ್ನೂ ಇತರ ಅತಿ ಬಡವರನ್ನೂ ಇದೇ ಕ್ರಮದಲ್ಲಿ ಎತ್ತಲು ಹೊರಟಿತು. ಅದರ ವಿಶೇಷವೆಂದರೆ ಇದನ್ನು ನಡೆಸಿದ್ದು ಅಲ್ಲಿನ ಸ್ವಸಹಾಯ ಸಂಘಗಳ ಜಾಲವೇ. ಯಾರನ್ನು ಹೊರಗಿಟ್ಟಿದ್ದರೋ ಅವರನ್ನು ಹುಡುಕಿ ಪಟ್ಟಿ ಮಾಡುವ ಹೊಣೆ ಸಂಘಗಳ ಮೇಲೇ ಬಿತ್ತು. ಸ್ತ್ರೀಶಕ್ತಿ ಮತ್ತು ಸಂಜೀವಿನಿ ಒಕ್ಕೂಟಗಳು ಹಳ್ಳಿಹಳ್ಳಿಗೂ ಇರುವ ಕರ್ನಾಟಕಕ್ಕೆ ಈ ದಾರಿ ಹೊಸದೇನಲ್ಲ, ಮನಸ್ಸು ಮಾಡಬೇಕಷ್ಟೆ.

ಕೇರಳ ಇನ್ನೊಂದು ರೀತಿ ಮಾಡಿತು. 1998ರಿಂದ ಕಟ್ಟಿದ ಕುಡುಂಬಶ್ರೀ ಜಾಲ ಮತ್ತು ಪಂಚಾಯಿತಿಗಳನ್ನು ಬಳಸಿ 64,006 ಅತಿ ಬಡ ಕುಟುಂಬಗಳನ್ನು ಗುರುತಿಸಿ, ಪ್ರತಿ ಮನೆಗೂ ಬೇರೆ ಬೇರೆ ಯೋಜನೆ ಬರೆಯಿತು. ಒಬ್ಬರಿಗೆ ದಿನಾ ಊಟ, ಒಬ್ಬರಿಗೆ ಔಷಧ, ಒಬ್ಬರಿಗೆ ಸೂರು, ಒಬ್ಬರಿಗೆ ಬರೀ ಒಂದು ಗುರುತಿನ ಚೀಟಿ. 2025ರ ನವೆಂಬರ್ 1ರಂದು ರಾಜ್ಯ ಅತಿ ಬಡತನದಿಂದ ಮುಕ್ತವಾಯಿತೆಂದು ಸರ್ಕಾರ ಸಾರಿತು. ಮಾನದಂಡ ಯಾವುದು, ಆದಿವಾಸಿಗಳು ಎಷ್ಟು ಮಂದಿ ಹೊರಗುಳಿದರು ಎಂದು ಅರ್ಥಶಾಸ್ತ್ರಜ್ಞರು ಕೇಳಿದ ಪ್ರಶ್ನೆಗಳು ನ್ಯಾಯವಾದವು. ಘೋಷಣೆಯನ್ನು ಬದಿಗಿಟ್ಟು ಕ್ರಮವನ್ನು ಮಾತ್ರ ತೆಗೆದುಕೊಂಡರೂ ಸಾಕು. ಅಲ್ಲಿ ಮನೆಗೊಂದು ಕಡತವಿತ್ತು. ನಮ್ಮಲ್ಲಿ ಯೋಜನೆಗೊಂದು ಕಡತವಿದೆ.

ನಮ್ಮದೇ ನೆಲದ ಒಂದು ಪಾಠ ಘಟಪ್ರಭಾದ್ದು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. 1993-94 ಮತ್ತು 2007-08ರ ಸಮೀಕ್ಷೆಗಳು ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. 1997ರಲ್ಲಿ ಘಟಪ್ರಭಾದಲ್ಲಿ ಈ ಹೆಂಗಸರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅವರ ಬಾಯಲ್ಲಿ ಮಾಸ್, ಎಂಬ ಸಂಘಟನೆ ಕಟ್ಟಿಕೊಂಡರು. ಉಳಿತಾಯ, ಹೈನುಗಾರಿಕೆ, ಕಾನೂನು ನೆರವು, ಮಕ್ಕಳ ಓದು ಎಲ್ಲವನ್ನೂ ತಾವೇ ನೋಡಿಕೊಂಡರು. ಊರಲ್ಲಿ ಹೊಸದಾಗಿ ಮುತ್ತು ಕಟ್ಟುವುದು ಗೊತ್ತಾದರೆ ತಡೆಯಲು ಮೊದಲು ಓಡಿ ಹೋದವರೂ ಅವರೇ. ಇವರದು ತಾಯಿ ಮಕ್ಕಳ ಸಂಸಾರ. ಸರ್ಕಾರಿ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಖಾಲಿ ಬಿಟ್ಟಾಗಲೆಲ್ಲ ಆ ಸಂಸಾರಕ್ಕೆ ಅವಮಾನವಾಗಿದೆ, ಮಕ್ಕಳು ಶಾಲೆ ಬಿಟ್ಟಿದ್ದಾರೆ. ಕುಟುಂಬ ಒಟ್ಟಿಗಿರಬೇಕು ಎನ್ನುವಾಗ ನಮ್ಮ ಕಣ್ಣ ಮುಂದೆ ಗಂಡ, ಹೆಂಡತಿ, ಎರಡು ಮಕ್ಕಳ ಚಿತ್ರ ಮಾತ್ರ ಇದ್ದರೆ ಇಂಥ ಮನೆಗಳು, ಅಜ್ಜಿ ಮೊಮ್ಮಕ್ಕಳ ಮನೆಗಳು, ಅಣ್ಣ ತಂಗಿಯರೇ ನಡೆಸುವ ಮನೆಗಳು ಲೆಕ್ಕಕ್ಕೆ ಬರುವುದಿಲ್ಲ.

ಒಟ್ಟಿಗಿರಲೇಬಾರದ ಮನೆಗಳೂ ಇವೆ. ಮಗುವಿನ ಮೇಲೆ ಮನೆಯವರೇ ಕೈಮಾಡುವ, ಲೈಂಗಿಕ ಹಿಂಸೆ ಮಾಡುವ ಕಡೆ ಮಗುವನ್ನು ಹೊರತರುವುದೇ ಧರ್ಮ. ಹೊಡೆಯುವ ಗಂಡನಿಂದ ಹೆಂಡತಿ ಮಕ್ಕಳನ್ನು ಬಿಡಿಸುವುದೂ ಕುಟುಂಬ ಉಳಿಸುವ ಕೆಲಸವೇ, ಅವಳೂ ಮಕ್ಕಳೂ ಒಂದೇ ಕಡೆ ಉಳಿಯುವಂತೆ ನೋಡಿಕೊಂಡರೆ. ಹಾಗೆಯೇ ಹಾಸ್ಟೆಲನ್ನು ಬಾಲಮಂದಿರದೊಂದಿಗೆ ಸೇರಿಸಿ ಬೈಯುವುದನ್ನು ನಾನು ಒಪ್ಪುವುದಿಲ್ಲ. ಹಿಂದುಳಿದ, ದಲಿತ, ಆದಿವಾಸಿ ಮನೆಗಳ ಎಷ್ಟೋ ಮೊದಲ ತಲೆಮಾರಿನ ಪದವೀಧರರು ಸರ್ಕಾರಿ ಹಾಸ್ಟೆಲಿನಿಂದ, ಮೊರಾರ್ಜಿ ಶಾಲೆಯಿಂದ ಬಂದವರು. ಹಬ್ಬಕ್ಕೆ ಊರಿಗೆ ಹೋಗಿ, ಬೇಸಿಗೆಯಲ್ಲಿ ಅಮ್ಮನ ಜೊತೆ ಇದ್ದು ಮತ್ತೆ ಬರುವ ಮಗು ಮನೆಯನ್ನು ಕಳೆದುಕೊಂಡಿಲ್ಲ. ಗುಳೆ ಹೋಗುವವರ ಮಕ್ಕಳಿಗೆ ಊರಿನ ಶಾಲೆಯಲ್ಲೇ ಆರು ತಿಂಗಳು ಊಟ ವಸತಿ ನೀಡುವ ಋತುಮಾನ ಹಾಸ್ಟೆಲ್ಲುಗಳೂ ಹೀಗೆಯೇ. ಅವು ನವೆಂಬರಿನಲ್ಲೇ ಶುರುವಾಗಬೇಕು. ಅನುದಾನ ಜನವರಿಗೆ ಬಂದರೆ ಮಕ್ಕಳು ಅಷ್ಟರಲ್ಲಿ ಬೆಂಗಳೂರಿನ ಶೆಡ್ಡು ಸೇರಿರುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಕಾಣುವ ಕೊರತೆ ಒಂದೇ. ಕರ್ನಾಟಕದಲ್ಲಿ ಹಣವಿದೆ, ಅಕ್ಕಿಯಿದೆ, ಕೆಲಸದ ಕಾಯ್ದೆಯಿದೆ, ಪ್ರಾಯೋಜಕತ್ವವಿದೆ, ಆರೋಗ್ಯ ಕಾರ್ಡಿದೆ, ಸಂಘಗಳಿವೆ. ಇವನ್ನೆಲ್ಲ ಒಂದೇ ಮನೆಯ ಬಾಗಿಲಿಗೆ ತಂದು ಜೋಡಿಸುವ ಒಬ್ಬ ವ್ಯಕ್ತಿ ಇಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಯಾವ ಮನೆ ಯಾವಾಗ ಒಡೆಯುತ್ತದೆ ಎಂದು ಗೊತ್ತು. ಆಶಾ ಕಾರ್ಯಕರ್ತೆಗೂ ಗೊತ್ತು. ಆದರೆ ಅವರ ಬೆನ್ನ ಮೇಲೆ ಆಗಲೇ ಹತ್ತು ಇಲಾಖೆಯ ಕೆಲಸವಿದೆ, ಕೈಗೆ ಬರುವುದು ಗೌರವಧನ. ಇದನ್ನೂ ಅವರ ಮೇಲೆ ಹೇರುವುದು ಅನ್ಯಾಯ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುವುದು ಜಿಲ್ಲಾ ಕೇಂದ್ರದಲ್ಲಿ. ದೇವದುರ್ಗದ ತಾಂಡಾದ ತಾಯಿಗೆ ರಾಯಚೂರಿನ ಕಚೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಕಳೆದುಕೊಂಡಂತೆ. ಪಂಚಾಯಿತಿಗೊಬ್ಬ ಕುಟುಂಬ ಕಾರ್ಯಕರ್ತೆ, ಸಂಬಳದ ಮೇಲೆ, ಮೂವತ್ತು ನಲವತ್ತು ಮನೆಗಳನ್ನು ಎರಡು ವರ್ಷ ಬಿಡದೆ ನೋಡಿಕೊಳ್ಳುವಂತೆ ನೇಮಿಸಬೇಕು. ಹೊರಗೆ ಉಳಿದವಳ ಹೆಸರು ಕಾರ್ಡಿಗೆ ಸೇರಿಸುವುದರಿಂದ ಹಿಡಿದು ಕುಡುಕ ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುವವರೆಗೆ ಅವಳ ಕೆಲಸ. ಅವಳನ್ನು ಅಳೆಯುವ ಅಳತೆಯೂ ಒಂದೇ ಇರಲಿ: ಅವಳ ಪಟ್ಟಿಯ ಮನೆಗಳಲ್ಲಿ ಮುಂದಿನ ವರ್ಷ ಎಷ್ಟು ಮಕ್ಕಳು ತಮ್ಮ ಮನೆಯಲ್ಲೇ ಇದ್ದು ಊರ ಶಾಲೆಗೆ ಹೋಗುತ್ತಿದ್ದಾರೆ.

ಆ ಪಟ್ಟಿ ಮಾಡಲು ಹೊಸ ಸಭೆಯೇನೂ ಬೇಕಿಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ, ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನವೆಂಬರ್ ಸುಮಾರಿಗೆ. ಗುಳೆ ಹೋಗುವ ಮನೆಗಳ ಮಕ್ಕಳು ಆಗ ಊರಲ್ಲಿರುವುದಿಲ್ಲ. ಶಾಲೆಯ ಕೊಠಡಿ ಬೇಕು, ಆಟದ ಮೈದಾನ ಬೇಕು ಎಂದು ಉಳಿದ ಮಕ್ಕಳು ಕೇಳುತ್ತಾರೆ, ಕೇಳಲಿ. ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರದಲ್ಲಿ ಈ ಸಭೆಯನ್ನು ಸೆಪ್ಟೆಂಬರಿಗೆ, ಮೇಸ್ತ್ರಿ ಮುಂಗಡ ಹಂಚುವ ಮುನ್ನ ನಡೆಸಿದರೆ, ಯಾವ ಯಾವ ಮನೆ ಹೊರಡುವುದರಲ್ಲಿದೆ ಎಂದು ಮಕ್ಕಳೇ ಹೆಸರು ಹಿಡಿದು ಹೇಳುತ್ತಾರೆ. ಕೆಲಸದ ಅರ್ಜಿ ತುಂಬಿಸಲು, ಪ್ರಾಯೋಜಕತ್ವಕ್ಕೆ ಬರೆಯಲು, ಋತುಮಾನ ಹಾಸ್ಟೆಲ್ಲಿಗೆ ಅಡುಗೆಯವರನ್ನು ಗೊತ್ತುಮಾಡಲು ಆಗ ಪಂಚಾಯಿತಿಯ ಕೈಯಲ್ಲಿ ಇನ್ನೂ ಒಂದು ತಿಂಗಳಾದರೂ ಉಳಿದಿರುತ್ತದೆ.